ಅಪ್ಪನ ಗಾಯ ರೆಕಾರ್ಡ್‌ನಲ್ಲಿ ‘ಆಕ್ಸಿಡೆಂಟಲ್’ ಅಂತ ಇದೆ, ಸರಿ ಮಾಡಿಸೋದು ಹೇಗೆ?

ಹೇಮಾವತಿ_ದಂಡೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮಪ್ಪ ಸೈನ್ಯದಲ್ಲಿದ್ದವರು. ಹಾಸನ ಜಿಲ್ಲೆ. 1987ರಲ್ಲಿ ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯಲ್ಲಿ ಅವರ ಯೂನಿಟ್ ಇತ್ತು. ಅಕ್ಟೋಬರ್‌ನಲ್ಲಿ ಜಾಫ್ನಾ ಕಡೆ ಹೋಗುವಾಗ ರಸ್ತೆಯ ಮೋರಿ ಕೆಳಗೆ ಇಟ್ಟಿದ್ದ ಬಾಂಬ್ ಸಿಡಿದು ಎಡಗಾಲಿಗೆ ಚೂರುಗಳು ಹೊಕ್ಕಿವೆ. ಪಲಾಲಿ ಏರ್‌ಫೀಲ್ಡ್‌ನಿಂದ ವಿಮಾನದಲ್ಲಿ ಮದ್ರಾಸಿಗೆ ಕಳಿಸಿದ್ರು. ಎರಡು ತಿಂಗಳು ಆಸ್ಪತ್ರೆ, ಆಮೇಲೆ ಸಿಕ್ ಲೀವ್. ಇಷ್ಟೇ ನಮಗೆ ಗೊತ್ತಿದ್ದಿದ್ದು. ಮನೆಯಲ್ಲಿ ಅವರು ಇದರ ಬಗ್ಗೆ ಮಾತಾಡಿದ್ದು ಕಮ್ಮಿ.

ಹೋದ ವರ್ಷ ಮಂಡಿನೋವು ಅಂತ ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ‘ಏನ್ ಯಜಮಾನ್ರೇ, ಕಾಲಲ್ಲಿ ಮೊಳೆ ಇಟ್ಕೊಂಡು ಓಡಾಡ್ತಿದ್ದೀರಾ?’ ಅಂದ್ರು. ಮೀನಖಂಡದಲ್ಲಿ ಮೂರು ಬಿಳಿ ಚುಕ್ಕೆ. ಒಂದು ಕಡಲೆಕಾಳಿನಷ್ಟಿದೆ, ಉಳಿದೆರಡು ಸಾಸಿವೆಗಿಂತ ಸ್ವಲ್ಪ ದೊಡ್ಡವು. ದೊಡ್ಡದು ಕೈಗೂ ಸಿಗುತ್ತೆ, ಚರ್ಮದ ಕೆಳಗೆ ಜಾರುತ್ತೆ.

ಆಗಲೇ ನಾನು ಡಿಸ್ಚಾರ್ಜ್ ಬುಕ್ ತೆಗೆದು ನೋಡಿದ್ದು. ಪದಕಗಳ ಸಾಲಿನಲ್ಲಿ ಬೇರೆಲ್ಲಾ ಇವೆ. ಗಾಯಗೊಂಡವರಿಗೆ ಕೊಡೋ ಪರಾಕ್ರಮ ಪದಕ ಮಾತ್ರ ಇಲ್ಲ. ಸೈನಿಕರ ಕಾಗದಪತ್ರ ಇಡೋ ರೆಕಾರ್ಡ್ ಆಫೀಸಿಗೆ ಪತ್ರ ಬರೆದೆ. ಐದು ತಿಂಗಳಾದ ಮೇಲೆ ನಾಲ್ಕು ಸಾಲಿನ ಉತ್ತರ ಬಂತು: ದಾಖಲೆ ಪ್ರಕಾರ ಗಾಯ ‘ಆಕ್ಸಿಡೆಂಟಲ್’, ಆದ್ದರಿಂದ ಪದಕಕ್ಕೆ ಅರ್ಹರಲ್ಲ.

ಈಗ ಏನು ಮಾಡಬೇಕು? ಅಪ್ಪನಿಗೆ 70 ದಾಟಿದೆ.

ನಿರ್ವಾಹಕ
ಮೇಡಂ, ಪತ್ರದ ಫೋಟೋದಲ್ಲಿ ಅಪ್ಪನ ಆರ್ಮಿ ನಂಬರ್, ಪಿಪಿಒ (ಪಿಂಚಣಿ ಆದೇಶ) ನಂಬರ್ ಎರಡೂ ಕಾಣ್ತಿತ್ತು. ಫೋಟೋ ತೆಗೆದಿದ್ದೇನೆ. ಪಿಂಚಣಿ ಹೆಸರಲ್ಲಿ ಮೋಸ ಮಾಡೋರಿಗೆ ಅಷ್ಟು ಸಾಕು. ಯಾರೂ ಅಂಥವು ಇಲ್ಲಿ ಹಾಕಬೇಡಿ. ರೆಜಿಮೆಂಟು, ರೆಕಾರ್ಡ್ ಆಫೀಸ್ ಹೆಸರೂ ಬೇಡ.

ಸುಮ್ನೆ_ಕೂತವ
ಬೇಜಾರಾಗಬೇಡಿ. ಆ ಪದಕಕ್ಕೆ ತಿಂಗಳಾ ತಿಂಗಳಾ ದುಡ್ಡೇನಾದ್ರೂ ಬರುತ್ತಾ? ಇಲ್ಲ ಅಲ್ವಾ? ಮತ್ತೆ ಈ ವಯಸ್ಸಲ್ಲಿ ಅವರನ್ನ ಯಾಕೆ ಅಲೆದಾಡಿಸ್ತೀರಿ?

ಹಳೇ_ಕ್ಲರ್ಕ್
ನಾನು ಕ್ಲರ್ಕ್ ಟ್ರೇಡಿನಲ್ಲಿ ಸುಬೇದಾರ್ ಆಗಿ ಪಿಂಚಣಿಗೆ ಬಂದವನು. ಈ ಕಾಗದಗಳ ಮಧ್ಯೆಯೇ 28 ವರ್ಷ ಕಳೆದಿದ್ದೇನೆ. ತಂಗಿ, ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಪದಕದಲ್ಲಿ ಎರಡು ಜಾತಿ.

ವೀರ ಚಕ್ರ, ಸೇನಾ ಪದಕದಂಥವು ಶಿಫಾರಸಿನವು. ಸಿಒ, ಅಂದ್ರೆ ಕಮಾಂಡಿಂಗ್ ಆಫೀಸರ್, ಬರೆಯಬೇಕು, ಬ್ರಿಗೇಡ್, ಡಿವಿಜನ್ ದಾಟಬೇಕು, ಮೇಲೆ ಒಪ್ಪಬೇಕು. ನಾನು ಧೈರ್ಯ ತೋರಿಸಿದ್ದೇನೆ, ಕೊಡಿ ಅಂತ ಜವಾನ ಕೇಳೋ ಹಾಗಿಲ್ಲ. ಸೇವಾ ಪದಕಗಳು, ಯುದ್ಧದ ಸ್ಟಾರ್‌ಗಳು, ಈ ಪರಾಕ್ರಮ ಪದಕ, ಇವೆಲ್ಲ ಹಕ್ಕಿನವು. 1973ರಲ್ಲಿ ಶುರು ಮಾಡಿದ್ದು ಇದು. ಶತ್ರುವಿನ ನೇರ ಕಾರ್ಯಾಚರಣೆಯಿಂದ ಗಾಯ ಆಗಿದ್ರೆ ಸಿಗಬೇಕು. ಯಾರ ದಯೆಯೂ ಬೇಡ, ಕಾಗದ ಬೇಕು.

ಕಾಗದ ಅಂದ್ರೆ ಪಾರ್ಟ್ ಟು ಆರ್ಡರ್. ಜವಾನನ ಜೀವನದಲ್ಲಿ ಏನೇ ಆದ್ರೂ, ಮದುವೆ, ಮಗು, ರಜೆ, ಆಸ್ಪತ್ರೆ, ಎಲ್ಲವನ್ನೂ ಯೂನಿಟ್ ಪಾರ್ಟ್ ಟು ಆರ್ಡರ್‌ನಲ್ಲಿ ಹಾಕಿ ರೆಕಾರ್ಡ್ ಆಫೀಸಿಗೆ ಕಳಿಸುತ್ತೆ. ಅಲ್ಲಿ ಶೀಟ್ ರೋಲ್, ಅಂದ್ರೆ ಜವಾನನ ಸೇವಾ ದಾಖಲೆಯಲ್ಲಿ ಏರಬೇಕು. ಗಾಯ ಆದಾಗ ‘ಬ್ಯಾಟಲ್ ಕ್ಯಾಶುವಲ್ಟಿ’ (ಯುದ್ಧದ ಗಾಯ) ಅಂತ ಪಬ್ಲಿಷ್ ಆದ್ರೆ ಒಂದು ದಾರಿ, ‘ಫಿಸಿಕಲ್ ಕ್ಯಾಶುವಲ್ಟಿ’ (ಅಪಘಾತದಂಥದ್ದು) ಅಂತ ಆದ್ರೆ ಇನ್ನೊಂದು ದಾರಿ. ನಿಮ್ಮಪ್ಪನದು ಎರಡನೇ ದಾರಿ ಹಿಡಿದಿದೆ. ಯಾಕೆ ಅಂತ ನಾನು ಊಹೆ ಮಾಡಬಲ್ಲೆ. ಜಾಫ್ನಾ ಹೊತ್ತಲ್ಲಿ ಯೂನಿಟ್ ಕ್ಲರ್ಕ್ ಒಂದು ಕಡೆ, ಕಂಪನಿ ಒಂದು ಕಡೆ, ಆಸ್ಪತ್ರೆ ಸಮುದ್ರದ ಈಚೆ. ಗಾಡಿಯಲ್ಲಿ ಹೋಗುವಾಗ ಗಾಯ ಅಂತ ಯಾರೋ ಸಿಗ್ನಲ್‌ನಲ್ಲಿ ಬರೆದಿರ್ತಾರೆ, ಇನ್ನೊಬ್ಬ ಅದನ್ನ ವೆಹಿಕಲ್ ಆಕ್ಸಿಡೆಂಟ್ ಅಂತ ಓದಿರ್ತಾನೆ. ನಾನೇ ಇಂಥ ತಪ್ಪು ಮಾಡಿಲ್ಲ ಅಂತ ಎದೆ ಮುಟ್ಟಿ ಹೇಳಲಾರೆ.

ಒಂದು ಪ್ರಶ್ನೆ. ಪಿಂಚಣಿಗೆ ಬರುವಾಗ ಅಪ್ಪನ ಮೆಡಿಕಲ್ ಕೆಟಗರಿ ಏನಿತ್ತು?

ಹೇಮಾವತಿ_ದಂಡೆ
ಸರ್, ಪೂರ್ತಿ ಫಿಟ್ ಅಂತಿದೆ. ಅಪ್ಪನ್ನ ಕೇಳಿದೆ. ‘ನಾನೇ ಡಾಕ್ಟ್ರ ಮುಂದೆ ನೋವಿಲ್ಲ ಅಂದೆ, ಬೆಟಾಲಿಯನ್ ಓಟದಲ್ಲೂ ಓಡಿ ತೋರಿಸ್ದೆ’ ಅಂದ್ರು. ಯಾಕೆ ಅಂದ್ರೆ ನಗ್ತಾರೆ.

@ಸುಮ್ನೆ_ಕೂತವ, ದುಡ್ಡು ಬರಲ್ಲ ಅಂತ ಗೊತ್ತು. ಅಪ್ಪನಿಗೂ ಪದಕ ಬೇಕಾಗಿರಲಿಲ್ಲ. ‘ಬಿಡವ್ವ, ಅದನ್ನ ಎಲ್ಲಿಗೆ ಹಾಕ್ಕೊಂಡೋಗ್ಲಿ’ ಅಂತಲೇ ಇದ್ರು. ಆಫೀಸಿನ ಉತ್ತರವನ್ನ ನಾನು ಓದಿ ಅರ್ಥ ಹೇಳಿದ ಮೇಲೆ ಸುಮ್ಮನಾದ್ರು. ರಾತ್ರಿ ಊಟಕ್ಕೆ ಕೂತಾಗ, ತಟ್ಟೆಯಿಂದ ತಲೆ ಎತ್ತದೆ, ‘ನಾನು ಲಾರಿಯಿಂದ ಬಿದ್ದಿಲ್ಲ’ ಅಂದ್ರು. ಅಷ್ಟೇ. ನಾನು ಇಲ್ಲಿ ಬರೆದಿದ್ದು ಆ ಮಾತಿಗೆ.

ಹಳೇ_ಕ್ಲರ್ಕ್
ನಗೋದು ಯಾಕೆ ಅಂತ ನಾನು ಹೇಳ್ತೀನಿ. ಆಗ ಲೋ ಮೆಡಿಕಲ್ ಕೆಟಗರಿ ಬಿದ್ರೆ ಪ್ರಮೋಷನ್‌ಗೆ ಕುತ್ತು. ನಾಯಕ್ ಆಗಬೇಕು, ಹವಾಲ್ದಾರ್ ಆಗಬೇಕು ಅನ್ನೋನು ನೋವು ನುಂಗಿಕೊಂಡು ಓಡ್ತಿದ್ದ. ಎಷ್ಟೋ ಜನ ಹೀಗೆ ತಮ್ಮ ಗಾಯವನ್ನ ತಾವೇ ಕಾಗದದಿಂದ ಅಳಿಸಿಕೊಂಡಿದ್ದಾರೆ. 30 ವರ್ಷ ಆದ ಮೇಲೆ ಅದೇ ಕಾಗದ ಅವರಿಗೆ ಎದುರು ಸಾಕ್ಷಿ ಹೇಳುತ್ತೆ.

ಕಾಫಿತೋಟ
ಕೊಡಗಿನಿಂದ. ಬರೆದಿದ್ದು ಬದಲಾಗಲ್ಲ ಅನ್ನೋರಿಗೆ ನಮ್ಮೂರಿನ ಒಂದು ಉದಾಹರಣೆ ಕೊಡ್ತೀನಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7, ಸರ್ಗೋಧಾ ಮೇಲೆ ದಾಳಿ. ಇವರದು ಸ್ಟ್ಯಾಂಡ್‌ಬೈ ವಿಮಾನ. ಯಾರಾದ್ರೂ ಹಿಂದೆ ಉಳಿದ್ರೆ ಮಾತ್ರ ಸೇರಿಕೊಳ್ಳಬೇಕಿತ್ತು, ಸೇರಿಕೊಂಡ್ರು. ವಾಪಸ್ ಬರಲಿಲ್ಲ. ಏನಾಯ್ತು ಅಂತ ನಮ್ಮ ವಾಯುಪಡೆಗೆ ಗೊತ್ತಿರಲಿಲ್ಲ. ಕಾಣೆಯಾದವರು ಅಂತ ದಾಖಲೆ ಮುಚ್ಚಿತು.

1979ರಲ್ಲಿ ಬ್ರಿಟಿಷ್ ಬರಹಗಾರರೊಬ್ಬರು ಪಾಕಿಸ್ತಾನದ ಕಡೆಯಿಂದ ಆ ಯುದ್ಧದ ಬಗ್ಗೆ ಪುಸ್ತಕ ಬರೆದಾಗ ವಿಷಯ ಹೊರಗೆ ಬಂತು. ಅವತ್ತು ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ವಿಮಾನವನ್ನ ನಮ್ಮ ಕಡೆಯ ಒಂದು ಮಿಸ್ಟೇರ್ ವಿಮಾನ ಹೊಡೆದು ಬೀಳಿಸಿತ್ತು. ಸ್ಟಾರ್‌ಫೈಟರ್ ಪೈಲಟ್ ಹಾರಿ ಬದುಕಿಕೊಂಡಿದ್ದರು. ಮಿಸ್ಟೇರ್ ಅಂದ್ರೆ ಅದರ ಮುಂದೆ ಎತ್ತಿನಗಾಡಿ. ಲೆಕ್ಕ ಹಾಕಿ ನೋಡಿದ್ರೆ ಅದು ದೇವಯ್ಯ ಅವರದೇ. ವಾಯುಪಡೆ ವಿಚಾರಣೆ ಮಾಡಿ, 1988ರಲ್ಲಿ, 23 ವರ್ಷ ಕಳೆದ ಮೇಲೆ, ಮರಣೋತ್ತರ ಮಹಾವೀರ ಚಕ್ರ ಕೊಟ್ಟಿತು. ಮಡಿಕೇರಿಗೆ ಬಂದ್ರೆ ಅವರ ಹೆಸರಿನ ಸರ್ಕಲ್ ದಾಟಿಯೇ ಹೋಗ್ತೀರಿ.

ಆದ್ರೆ ನನಗೆ ಒಂದು ಯೋಚನೆ ಬರುತ್ತೆ. ಎದುರಾಳಿ ಬಾಯಿಬಿಡದೆ ಇದ್ದಿದ್ರೆ?

ಕರಿಕೋಟು
ವಕೀಲ. ಸೈನಿಕರ ಕೇಸು ಕೆಲವು ನಡೆಸಿದ್ದೇನೆ. ದೇವಯ್ಯ ಅವರದು ಅಪರೂಪದ ಕೇಸು. ಅದನ್ನ ಹಿಡಿದುಕೊಂಡು ಎಲ್ಲರೂ ಹಳೇ ಶೌರ್ಯ ಪದಕ ಕೇಳಿದ್ರೆ ಆಗಲ್ಲ. ಸುಬೇದಾರ್ ಸಾಹೇಬರು ಹೇಳಿದ ಎರಡು ಜಾತಿ ಕೋರ್ಟಿನಲ್ಲೂ ಹಾಗೇ ಇದೆ. ಶೌರ್ಯ ಪದಕ ಕೊಡಿ ಅಂತ ಸೈನಿಕರ ಕೇಸು ನೋಡೋ ನ್ಯಾಯಮಂಡಳಿ ಆದೇಶ ಮಾಡೋಕೆ ಹಿಂಜರಿಯುತ್ತೆ. ದಾಖಲೆ ತಪ್ಪಿದೆ, ತಿದ್ದಿ ಅನ್ನೋಕೆ ಹಿಂಜರಿಯಬೇಕಾಗಿಲ್ಲ.

ಒಳ್ಳೇ ಉದಾಹರಣೆ ಬ್ರಿಗೇಡಿಯರ್ ದೇವಿಂದರ್ ಸಿಂಗ್ ಕೇಸು. 1999ರ ಕಾರ್ಗಿಲ್ ಯುದ್ಧದಲ್ಲಿ ಬಟಾಲಿಕ್ ಸೆಕ್ಟರ್‌ನಲ್ಲಿ 70 ಇನ್‌ಫೆಂಟ್ರಿ ಬ್ರಿಗೇಡ್‌ನ ಕಮಾಂಡರ್ ಅವರು. ಯುದ್ಧ ಮುಗಿದ ಮೇಲೆ ಅವರಿಗೆ ಸಿಕ್ಕಿದ್ದು ವಿಶಿಷ್ಟ ಸೇವಾ ಪದಕ, ಅದು ಶೌರ್ಯ ಪದಕವೇ ಅಲ್ಲ. ಕಾರ್ಯಾಚರಣೆಯ ವರದಿಯಲ್ಲಿ ಅವರ ಪಾತ್ರವನ್ನ ಬೇಕಂತಲೇ ಕಡಿಮೆ ಮಾಡಿದ್ದಾರೆ ಅಂತ ಹೋರಾಡಿದ್ರು. 2010ರ ಮೇ ತಿಂಗಳಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಅವರ ಪರ ತೀರ್ಪು ಕೊಟ್ಟಿತು. ಆಗಿನ ಕೋರ್ ಕಮಾಂಡರ್ ಪಕ್ಷಪಾತದಿಂದ ನಡೆದುಕೊಂಡಿದ್ದಾರೆ, ವರದಿ ತಿದ್ದಿ ಅಂತ ಹೇಳಿತು. ಬ್ರಿಗೇಡಿಯರ್‌ಗೇ 10 ವರ್ಷದ ಮೇಲೆ ಹಿಡಿಯಿತು. ಸಿಪಾಯಿಗೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಮೇಡಂ ವಿಷಯಕ್ಕೆ ಬರ್ತೀನಿ. ನ್ಯಾಯಮಂಡಳಿ 2007ರ ಕಾಯ್ದೆಯಲ್ಲಿ ಬಂದಿದ್ದು, 2009ರಿಂದ ನಡೀತಿದೆ. ಕರ್ನಾಟಕದವರಿಗೆ ಕೊಚ್ಚಿ ಪೀಠ. ಆದ್ರೆ ಸೀದಾ ಅಲ್ಲಿಗೆ ಓಡಬೇಡಿ, ಮೊದಲು ಇಲಾಖೆಯ ಒಳಗಿನ ದಾರಿ ಮುಗಿಸಿದ್ದೀರಾ ಅಂತ ಕೇಳ್ತಾರೆ. ಕೊನೇ ಆದೇಶ ಬಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಡ ಆದ್ರೆ ಕಾರಣ ತೋರಿಸಿ ಮನ್ನಾ ಕೇಳಬಹುದು. ನಿಮ್ಮ ಕೈಲಿರೋ ಆ ನಾಲ್ಕು ಸಾಲಿನ ಉತ್ತರದ ತಾರೀಖು ನೋಡಿಕೊಳ್ಳಿ, ಗಡಿಯಾರ ಅಲ್ಲಿಂದ ಓಡ್ತಿದೆ ಅಂದುಕೊಳ್ಳೋದೇ ಒಳ್ಳೆಯದು. ಲಕೋಟೆಯನ್ನೂ ಎಸೀಬೇಡಿ.

ಸೈಕಲ್_ಮೇಷ್ಟ್ರು
ಸ್ಪರ್ಶ್ ಪೋರ್ಟಲ್‌ನಲ್ಲಿ ಒಂದು ದೂರು ಹಾಕಿ ಬಿಡಿ ಮೇಡಂ, ಎಲ್ಲಾ ಆನ್‌ಲೈನ್ ಈಗ.

ಹಳೇ_ಕ್ಲರ್ಕ್
ಮೇಷ್ಟ್ರೇ, ಸ್ಪರ್ಶ್ ಇರೋದು ಪಿಂಚಣಿಗೆ. ಪದಕ, ಗಾಯದ ವರ್ಗೀಕರಣ ಅಲ್ಲಿ ತಿದ್ದೋಕಾಗಲ್ಲ. ರೆಕಾರ್ಡ್ ಆಫೀಸ್ ತಿದ್ದಬೇಕು. ಅದರಿಂದ ಪಿಂಚಣಿ ಬದಲಾಗೋದಿದ್ರೆ ಆಮೇಲೆ ಪ್ರಯಾಗರಾಜ್‌ನ ಪಿಂಚಣಿ ಕಚೇರಿಯಿಂದ ತಿದ್ದುಪಡಿ ಪಿಪಿಒ ಬರುತ್ತೆ. ಬುಡ ಬಿಟ್ಟು ಕೊಂಬೆಗೆ ನೀರು ಹಾಕಿದ್ರೆ ಏನು ಪ್ರಯೋಜನ?

ತಂಗಿ, ಈಗ ಮಾಡಬೇಕಾದ್ದು ಇದು. ಆರ್‌ಟಿಐ ಹಾಕಿ. ₹10 ಪೋಸ್ಟಲ್ ಆರ್ಡರ್, 30 ದಿನದಲ್ಲಿ ಉತ್ತರ ಬರಬೇಕು. ‘ಯಾಕೆ ಪದಕ ಕೊಟ್ಟಿಲ್ಲ’ ಅಂತ ಕೇಳಬೇಡಿ, ಯಾಕೆ ಅನ್ನೋ ಪ್ರಶ್ನೆಗೆ ಆರ್‌ಟಿಐನಲ್ಲಿ ಉತ್ತರ ಸಿಗಲ್ಲ. ಪ್ರತಿ ಕೇಳಿ. ಶೀಟ್ ರೋಲ್ ಪ್ರತಿ, 1987 ಅಕ್ಟೋಬರ್‌ನಿಂದ 1988 ಮಾರ್ಚ್‌ವರೆಗಿನ ಅವರ ಪಾರ್ಟ್ ಟು ಆರ್ಡರ್ ಪ್ರತಿ, ಇಂಜುರಿ ರಿಪೋರ್ಟ್ ಪ್ರತಿ. ಇಂಜುರಿ ರಿಪೋರ್ಟ್ ಫಾರಂಗೆ ಐಎಎಫ್‌ವೈ-2006 ಅಂತಾರೆ, ಆ ನಂಬರನ್ನೇ ಬರೆಯಿರಿ. ಫಾರಂ ನಂಬರ್ ಕಂಡ್ರೆ ಆ ಕಡೆ ಕೂತಿರೋನಿಗೆ ಇದು ಗೊತ್ತಿರೋ ಗಿರಾಕಿ ಅಂತ ತಿಳಿಯುತ್ತೆ. ದಾಖಲೆ ನಾಶ ಆಗಿದೆ ಅಂತ ಬಂದ್ರೆ ಹೆದರಬೇಡಿ. ಪಿಂಚಣಿ ಇಲ್ಲದೆ ಹೋದವರ ಕಾಗದವನ್ನ 25 ವರ್ಷಕ್ಕೆ ನಾಶ ಮಾಡ್ತಾರೆ, ಪಿಂಚಣಿದಾರರದು ಇನ್ನೂ ಜಾಸ್ತಿ ವರ್ಷ ಇಡಬೇಕು.

ಇನ್ನೊಂದು. ಅಪ್ಪನ ಕರಿ ಟ್ರಂಕ್ ಇದೆಯಾ? ಬಿಳಿ ಪೇಂಟಲ್ಲಿ ನಂಬರ್, ಹೆಸರು ಬರೆದಿರೋದು? ಅದರ ತಳದಲ್ಲಿ ಹಾಸಿರೋ ಪೇಪರ್ ಎತ್ತಿ ನೋಡಿ. ಜೋಕ್ ಅಲ್ಲ.

ಡಲ್ಲಾಸ್_ಕನ್ನಡಿಗ
ನಡುವೆ ಬಾಯಿ ಹಾಕ್ತಿದ್ದೀನಿ. ಇಲ್ಲಿ ನಮ್ಮ ಬೀದಿಯಲ್ಲಿ ಕೊರಿಯಾ ಯುದ್ಧಕ್ಕೆ ಹೋಗಿಬಂದ ಒಬ್ಬರು ತಾತ ಇದ್ದರು. ಅವರದೂ ಇದೇ ಕಥೆ, ಗಾಯಕ್ಕೆ ಕೊಡೋ ಪರ್ಪಲ್ ಹಾರ್ಟ್ ಕಾಗದದಲ್ಲಿ ಇರಲಿಲ್ಲ. ಅಮೆರಿಕದಲ್ಲಿ ಇದಕ್ಕೇ ಅಂತ ಒಂದು ಮಂಡಳಿ ಇದೆ. ಸೈನ್ಯದ ದಾಖಲೆ ತಿದ್ದೋದಷ್ಟೇ ಅದರ ಕೆಲಸ. 149ನೇ ನಂಬರಿನ ಒಂದು ಫಾರಂ ತುಂಬಿ ಕಳಿಸಬೇಕು. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಅಂತ ನಿಯಮ, ನ್ಯಾಯದ ದೃಷ್ಟಿಯಿಂದ ಅದನ್ನ ಸಡಿಲಿಸಬಹುದು.

ಅವರ ತೊಂದರೆ ಏನಂದ್ರೆ ಫೈಲೇ ಸುಟ್ಟುಹೋಗಿತ್ತು. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು 1.6 ಕೋಟಿಯಿಂದ 1.8 ಕೋಟಿ ಫೈಲು ಹೋದವು. 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆಯಾದವರ ಕಾಗದದಲ್ಲಿ 80 ಪರ್ಸೆಂಟ್ ಬೂದಿ. ಆಮೇಲೆ ಅವರ ಮಗಳು ‘ಮಾರ್ನಿಂಗ್ ರಿಪೋರ್ಟ್’ ಹುಡುಕಿದ್ರು. ಕಂಪನಿಯಲ್ಲಿ ಇವತ್ತು ಯಾರು ಆಸ್ಪತ್ರೆಗೆ ಹೋದ, ಯಾರು ಬಂದ ಅಂತ ದಿನಾ ಬರೆದಿಡೋ ಹಾಳೆ ಅದು, ಬೇರೆ ಕಡೆ ಉಳಿದಿತ್ತು. ನಿಮ್ಮ ಪಾರ್ಟ್ ಟು ಆರ್ಡರ್ ಕಥೆ ಓದ್ತಾ ಅದು ನೆನಪಾಯ್ತು. ಎಲ್ಲಾ ಸೈನ್ಯದಲ್ಲೂ ಶೌರ್ಯ ಬರೆಯೋ ಕಾಗದಕ್ಕಿಂತ ಹಾಜರಿ ಬರೆಯೋ ಕಾಗದವೇ ಗಟ್ಟಿ ಇರುತ್ತೇನೋ.

ಸುಮ್ನೆ_ಕೂತವ
ಮೇಡಂ, ಲಾರಿ ಮಾತು ಓದಿದೆ. ನನ್ನ ಪ್ರಶ್ನೆ ವಾಪಸ್ ತಗೋತೀನಿ. ಮುಂದುವರಿಸಿ.

ಆದ್ರೂ ಒಂದು ಅನುಮಾನ. ‘ಬ್ಯಾಟಲ್ ಕ್ಯಾಶುವಲ್ಟಿ’ ಅಂತ ತಿದ್ದಿದ್ರೆ ಪಿಂಚಣಿನೂ ಬದಲಾಗಲ್ವಾ?

ಕರಿಕೋಟು
ಒಳ್ಳೇ ಪ್ರಶ್ನೆ. ಯುದ್ಧದ ಗಾಯಕ್ಕೆ ಸಿಗೋ ಪಿಂಚಣಿ ಮಾಮೂಲಿ ಅಂಗವೈಕಲ್ಯ ಪಿಂಚಣಿಗಿಂತ ಎಷ್ಟೋ ಜಾಸ್ತಿ. ಆದ್ರೆ ಅದಕ್ಕೆ ಮೆಡಿಕಲ್ ಬೋರ್ಡ್ ಇಷ್ಟು ಪರ್ಸೆಂಟ್ ಅಂತ ಬರೆದಿರಬೇಕು. ಇವರು ಫಿಟ್ ಅಂತ ಹೊರಗೆ ಬಂದವರು, ಅಲ್ಲಿಗೆ ಆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿದೆ. ಒಂದು ವೇಳೆ ಮುಂದೆ ಯಾವತ್ತಾದ್ರೂ ಸಿಕ್ಕರೂ ಬಾಕಿ ಹಣ ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನ ಮೂರು ವರ್ಷಕ್ಕೆ ಮಾತ್ರ. 2008ರ ತರ್ಸೇಮ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಮೇಡಂ, ನನ್ನ ಸಲಹೆ ಕೇಳಿದ್ರೆ ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಬೇಡಿ. ದುಡ್ಡಿನ ವಾಸನೆ ಬಂದ ತಕ್ಷಣ ಕಡತ ಬೇರೆ ಮೇಜಿಗೆ ಹೋಗುತ್ತೆ. ಮೊದಲು ಆ ಒಂದು ಪದ ತಿದ್ದಿಸಿ.

ಹೇಮಾವತಿ_ದಂಡೆ
ಟ್ರಂಕ್ ತೆಗೆದೆವು!! ಸುಬೇದಾರ್ ಸರ್, ನೀವು ಹೇಳಿದ ಹಾಗೆ ತಳದ ಪೇಪರ್ ಎತ್ತಿದೆ. ಕೆಳಗೆ ಒಂದು ಪ್ಲಾಸ್ಟಿಕ್ ಕವರು, ಅದರಲ್ಲಿ ನಮ್ಮಮ್ಮ ಬರೆದ ಇನ್‌ಲ್ಯಾಂಡ್ ಲೆಟರ್‌ಗಳು (ಓದೋಕೆ ಬಿಡಲಿಲ್ಲ), ಮತ್ತೆ ಮಡಚಿ ಮಡಚಿ ಗೆರೆಯಲ್ಲೇ ಹರಿದಿರೋ ಒಂದು ಹಳದಿ ಚೀಟಿ. ಆಸ್ಪತ್ರೆಯಿಂದ ಸಿಕ್ ಲೀವ್ ಕಳಿಸುವಾಗ ಕೊಟ್ಟಿದ್ದು. ಟೈಪ್ ಮಾಡಿದ್ದಾರೆ. ಕಾಯಿಲೆ ಅನ್ನೋ ಜಾಗದಲ್ಲಿ ‘ಮಲ್ಟಿಪಲ್ ಸ್ಪ್ಲಿಂಟರ್ ಇಂಜುರಿ ಲೆಫ್ಟ್ ಲೆಗ್’ ಅಂತಿದೆ, ಅದರ ಪಕ್ಕ ಕೆಂಪು ಇಂಕಲ್ಲಿ ಕೈಬರಹ, ‘ಬಿ.ಸಿ.’ ಅಂತ. ತುಕ್ಕು ಹಿಡಿದ ಪಿನ್ನು ಸರಿಯಾಗಿ ಸೀಲಿನ ಮೇಲೆ ಕೂತು ತಾರೀಖಿನ ಅರ್ಧ ತಿಂದಿದೆ, ‘ಡಿಸೆಂಬರ್ 87’ ಮಾತ್ರ ಉಳಿದಿದೆ.

ಬಿ.ಸಿ. ಅಂದ್ರೆ ಬ್ಯಾಟಲ್ ಕ್ಯಾಶುವಲ್ಟಿ ತಾನೇ?

ಹಳೇ_ಕ್ಲರ್ಕ್
ಅದೇ. ಬೇರೇನೂ ಅಲ್ಲ. ಓದಿ ಎದ್ದು ಒಂದು ಸುತ್ತು ಓಡಾಡಿ ಬಂದೆ.

ಆ ಪಿನ್ ತೆಗೆಯೋಕೆ ಹೋಗಬೇಡಿ, ಕಾಗದ ಹರಿಯುತ್ತೆ. ಲ್ಯಾಮಿನೇಷನ್ ಖಂಡಿತ ಬೇಡ. ಕಲರ್ ಸ್ಕ್ಯಾನ್ ಮಾಡಿಸಿ, ಕೆಂಪು ಇಂಕು ಕಪ್ಪು-ಬಿಳುಪು ಜೆರಾಕ್ಸ್‌ನಲ್ಲಿ ಸರಿಯಾಗಿ ಕಾಣಲ್ಲ. ಅಸಲು ಯಾವ ಆಫೀಸಿಗೂ ಕೊಡಬೇಡಿ, ಯಾರು ಎಷ್ಟೇ ಕೇಳಲಿ. ದೃಢೀಕರಿಸಿದ ಪ್ರತಿ ಸಾಕು.

ಈಗ ಅರ್ಜಿ ರೆಕಾರ್ಡ್ಸ್ ಆಫೀಸರ್ ಇನ್‌ಚಾರ್ಜ್ ಹೆಸರಿಗೆ ಹೋಗಲಿ. ಒಂದೇ ಪುಟ. ಅಪ್ಪ ಎಷ್ಟು ಕಷ್ಟಪಟ್ಟರು ಅಂತ ಬರೆಯಬೇಡಿ. ನನಗೆ ಅರ್ಥ ಆಗುತ್ತೆ, ಆದ್ರೆ ಓದೋ ಕ್ಲರ್ಕ್ ಹುಡುಗನಿಗೆ ಅವತ್ತು ಇಂಥವೇ 40 ಇರುತ್ತೆ. ಆಸ್ಪತ್ರೆಯ ಚೀಟಿಯಲ್ಲಿ ಬಿ.ಸಿ. ಅಂತಿದೆ, ನಿಮ್ಮ ದಾಖಲೆಯಲ್ಲಿ ಆಕ್ಸಿಡೆಂಟಲ್ ಅಂತಿದೆ, ಎರಡರಲ್ಲಿ ಒಂದು ತಪ್ಪು, ಯೂನಿಟ್‌ನ ಅವತ್ತಿನ ವಾರ್ ಡೈರಿ (ಕಾರ್ಯಾಚರಣೆಯ ದಿನಚರಿ) ಜೊತೆ ತಾಳೆ ನೋಡಿ ತಿದ್ದಿ. ಇಷ್ಟೇ. ಪ್ರತಿ ಒಂದು ಜಿಲ್ಲಾ ಸೈನಿಕ ಕಲ್ಯಾಣ ಇಲಾಖೆಗೆ ಕೊಡಿ, ಅವರ ಕವರಿಂಗ್ ಲೆಟರ್ ಇದ್ರೆ ತೂಕ ಬೇರೆ.

ಅವತ್ತು ಜೊತೆಯಲ್ಲಿದ್ದವರು ಯಾರಾದ್ರೂ ಸಿಕ್ಕರೆ ಅಫಿಡವಿಟ್ ಮಾಡಿಸಿ.

ಹೇಮಾವತಿ_ದಂಡೆ
ಮೂರು ವಾರ ಆಯ್ತು, ಅಪ್‌ಡೇಟ್ ಕೊಡ್ತಿದ್ದೀನಿ. ಅರ್ಜಿ ರಿಜಿಸ್ಟರ್ಡ್ ಪೋಸ್ಟಲ್ಲಿ ಹೋಯ್ತು, ಆರ್‌ಟಿಐ ಕೂಡ. ಸೈನಿಕ ಕಲ್ಯಾಣದವರು ಚೆನ್ನಾಗಿ ಮಾತಾಡಿಸಿದ್ರು, ಪತ್ರ ಹಾಕಿಕೊಟ್ಟರು. ಉತ್ತರ ಇನ್ನೂ ಇಲ್ಲ.

ಸಾಕ್ಷಿ ಸಿಕ್ಕಿದ್ದಾರೆ. ಅಪ್ಪನ ಸೆಕ್ಷನ್ ಕಮಾಂಡರ್, ಆ ದಿನ ಅದೇ ಗಾಡಿಯಲ್ಲಿದ್ದವರು. ಚಿಕ್ಕೋಡಿ ಹತ್ತಿರದ ಹಳ್ಳಿ. ಮಾಜಿ ಸೈನಿಕರ ವಾಟ್ಸಾಪ್ ಗುಂಪಿನಲ್ಲಿ ನಂಬರ್ ಸಿಕ್ಕಿತು. ಅಪ್ಪ ಫೋನ್ ಮಾಡಿದ್ರು. ಸ್ಪೀಕರ್ ಹಾಕಿಸಿಕೊಂಡು ಒಂದೂಕಾಲು ಗಂಟೆ ಮಾತಾಡಿದ್ರು. ಪದಕದ ಮಾತು ಬಂದಿದ್ದು ಕೊನೇ ಐದು ನಿಮಿಷ. ಮಿಕ್ಕಿದ್ದೆಲ್ಲಾ ಜಾಫ್ನಾದಲ್ಲಿ ಸಾಕಿದ್ದ ಒಂದು ನಾಯಿ, ಮತ್ತೆ ಲಂಗರ್‌ನಲ್ಲಿ (ಸೈನ್ಯದ ಅಡುಗೆಮನೆ) ಹಾಲಿನ ಪುಡಿ ಕದ್ದ ಯಾರೋ ಒಬ್ಬ. ಅವರು ಅಪ್ಪನ್ನ ಇನ್ನೂ ‘ಏ ತಮ್ಮಾ’ ಅಂತಲೇ ಕರೀತಾರೆ, ಅಪ್ಪ ಕೂತಲ್ಲೇ ನೆಟ್ಟಗಾಗಿ ‘ಜೀ ಉಸ್ತಾದ್’ ಅಂತಾರೆ.

ಅಫಿಡವಿಟ್‌ಗೆ ಖುಷಿಯಿಂದ ಒಪ್ಪಿದ್ದಾರೆ. ನೋಟರಿ ಖರ್ಚು ಕೊಡ್ತೀವಿ ಅಂದ್ರೆ ಬೈದ್ರು. ಒಂದೇ ತೊಂದರೆ. ಗಾಯ ಆಗಿದ್ದು ಬಲಗಾಲಿಗೆ ಅಂತ ಹಟ ಹಿಡಿದಿದ್ದಾರೆ. ‘ನಾನಽ ಪಟ್ಟಿ ಕಟ್ಟೀನಿ, ನನಗ ಗೊತ್ತಿಲ್ಲೇನು’ ಅಂತ. ಅಪ್ಪ ಉಸ್ತಾದ್‌ಗೆ ಎದುರು ಮಾತಾಡಕ್ಕಾಗದೆ ‘ಹೌದೇನೋ ಉಸ್ತಾದ್’ ಅಂದುಬಿಟ್ಟರು!

ಕರಿಕೋಟು
ಅಯ್ಯೋ. ಹಾಗೇ ಬರೆಸಿಬಿಟ್ಟೀರಾ ಜೋಕೆ. ಇಡೀ ಕೇಸು ಆ ಒಂದು ಕಾಲಿನ ಮೇಲೆ ಬಿದ್ದುಹೋಗುತ್ತೆ.

ಹಳೇ_ಕ್ಲರ್ಕ್
ತಂಗಿ, ಎಕ್ಸ್‌ರೇ ಫಿಲ್ಮ್ ಫೋಟೋ ತೆಗೆದು ಇವತ್ತೇ ಉಸ್ತಾದ್‌ಗೆ ವಾಟ್ಸಾಪ್ ಮಾಡಿ. ಇ-ಸ್ಟ್ಯಾಂಪ್ ಪೇಪರ್ ಅದಾದ ಮೇಲೆ ತಗೊಳ್ಳಿ. ಫೋಟೋದಲ್ಲಿ ಎಡ-ಬಲ ಉಲ್ಟಾ ಬರದ ಹಾಗೆ ನೋಡಿಕೊಳ್ಳಿ.